ಹಾಡಿನ ಕೊನೆಯ ನುಡಿ

ಹೋದ ವರ್ಷ ದೀಪಾವಳಿ ಮುಗಿದು ಲಗ್ನದ ಸೀಸನ್ ಶುರುವಾಗಲು ಇನ್ನು ಹದಿನೈದು ದಿನ ಇರುವಾಗ ನನ್ನ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಅದರ ತಪ್ಪೇನೂ ಇಲ್ಲ. ಹನ್ನೊಂದು ವರ್ಷ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕುಳಿತು ಬೇಸ್ ಬಾಕ್ಸುಗಳ ಹೊಡೆತ ತಿಂದಿತ್ತು. ಪರದೆಯ ಕೀಲು ಮುರಿದು, ಹಿಂದಿನಿಂದ ಒಂದು ಕಟ್ಟಿಗೆ ತುಂಡು ಆನಿಸಿ ನಿಲ್ಲಿಸುತ್ತಿದ್ದೆ. ಕೀಬೋರ್ಡಿನ ಸಂದಿಗಳಲ್ಲಿ ಯಾವ ಯಾವುದೋ ಜಾತ್ರೆಯಲ್ಲಿ ಎರಚಿದ ಭಂಡಾರ ಸೇರಿಕೊಂಡು ಅಕ್ಷರಗಳ ಸುತ್ತ ಹಳದಿ ಗೆರೆ ಮೂಡಿತ್ತು.

ನಾನು ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಸೀಸನ್ನಿನಲ್ಲಿ ಮೂಡಲಗಿಯಲ್ಲಿರುವ ದೊಡ್ಡಪ್ಪನ ಮಗನ ಸೌಂಡ್ ಸೆಟ್ಟಿನ ಆಪರೇಟರ್. ಒಂದು ಕಡೆ ಪಾಠ ಹೇಳುತ್ತೇನೆ, ಇನ್ನೊಂದು ಕಡೆ ಹಾಡು ಹಚ್ಚುತ್ತೇನೆ. ಕಾಲೇಜಿಗೆ ರಜೆ ಬಿದ್ದಾಗ ಮನೆ ನಡೆಯುವುದು ಎರಡನೆಯದರಿಂದ. ಹೀಗಾಗಿ ಹಾಡು ನನಗೆ ಬರೀ ರುಚಿಯ ವಿಷಯವಲ್ಲ, ಹೊಟ್ಟೆಯ ವಿಷಯವೂ ಹೌದು.

ದೂರದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ, ರಾಯಬಾಗದ ಕಡೆ, ಡಿಜೆ ಎಂದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತ ಮನುಷ್ಯನಷ್ಟೇ ಅಲ್ಲ. ಟ್ರಾಲಿ, ಅದರ ಮೇಲೆ ಪೇರಿಸಿದ ಬಾಕ್ಸುಗಳು, ಹಿಂದೆ ಗುಡುಗುಡು ಎನ್ನುವ ಜನರೇಟರ್, ಝಗಝಗಿಸುವ ದೀಪಗಳು, ಎಲ್ಲ ಸೇರಿ ಒಂದು ಡಿಜೆ. ‘ಡಿಜೆ ಬಂತು’ ಎಂದರೆ ಇಡೀ ಮೆರವಣಿಗೆ ಬಂತು ಎಂದರ್ಥ. ಆಪರೇಟರ್ ಅದರ ಮೂಲೆಯಲ್ಲಿ ಕಾಣದ ಹಾಗೆ ಕುಳಿತಿರುತ್ತಾನೆ. ಹಚ್ಚುವ ಹಾಡುಗಳಲ್ಲಿ ಹೆಚ್ಚಿನವು ಸಿನಿಮಾದವಲ್ಲ, ನಮ್ಮದೇ ಹಳ್ಳಿಗಳ ಹುಡುಗರು ಬರೆದು ಹಾಡಿದ ಜಾನಪದ ಹಾಡುಗಳು. ಮೊದಲು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ಆಮೇಲೆ ಸಿಡಿಯಲ್ಲಿ. ನಡುವೆ ಕೆಲವು ವರ್ಷ ಮೊಬೈಲ್ ಅಂಗಡಿಯವರು ಇಪ್ಪತ್ತು ಮೂವತ್ತು ರೂಪಾಯಿಗೆ ಮೆಮರಿ ಕಾರ್ಡ್ ತುಂಬ ‘ಹಾಡು ಹಾಕಿ’ ಕೊಡುತ್ತಿದ್ದರು. ಈಗ ಯೂಟ್ಯೂಬು, ವಾಟ್ಸಾಪು.

ಹೀಗೆ ಕೂಡಿಸಿದ ಒಂಬತ್ತು ಸಾವಿರ ಚಿಲ್ಲರೆ ಹಾಡುಗಳು ನನ್ನ ಹತ್ತಿರ ಇದ್ದವು. ಗೋಕಾಕಿನ ಒಂದು ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡೆ. ಹಳೆಯದನ್ನು ವಿನಿಮಯಕ್ಕೆ ಕೊಟ್ಟರೆ ಸ್ವಲ್ಪ ದುಡ್ಡು ಕಡಿಮೆಯಾಗುತ್ತದೆ ಎಂದರು. ಹಾಡಿನ ಫೋಲ್ಡರನ್ನು ಇಡಿಯಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ತುಂಬಿಕೊಂಡೆ. ಸುಮಾರು 61 ಜಿಬಿ. ಒಂದೂ ಬಿಟ್ಟಿಲ್ಲ ಎಂದು ಎರಡು ಸಲ ಎಣಿಸಿ ನೋಡಿದೆ. ಆಮೇಲೆ ನಾನೇ ಎದುರಿಗೆ ನಿಂತು ಹಳೆಯದನ್ನು ಫಾರ್ಮ್ಯಾಟ್ ಮಾಡಿಸಿದೆ. ತಪ್ಪು ನನ್ನದೇ.

ಮನೆಗೆ ಬಂದು ಹೊಸದರಲ್ಲಿ ಡಿಜೆ ಸಾಫ್ಟ್‌ವೇರ್ ಹಾಕಿ, ಫೋಲ್ಡರ್ ತೋರಿಸಿದೆ. ಹಾಡುಗಳೆಲ್ಲ ಸಾಲಾಗಿ ಬಂದು ನಿಂತವು. ಆದರೆ ಒಂದರ ಮೇಲೂ ನನ್ನ ಗುರುತು ಇರಲಿಲ್ಲ.

ಗುರುತು ಎಂದರೆ ಕ್ಯೂ ಪಾಯಿಂಟ್. ಹಾಡಿನ ಯಾವ ಜಾಗದಿಂದ ಶುರು ಮಾಡಬೇಕು, ಎಲ್ಲಿ ಕುಣಿತ ಏರುತ್ತದೆ, ಎಲ್ಲಿಂದ ಮುಂದಿನ ಹಾಡಿಗೆ ಹಾರಬೇಕು ಎಂದು ಆಪರೇಟರ್ ಹಾಕಿಕೊಳ್ಳುವ ಗುರುತುಗಳಿವು. ನನ್ನ ಸಾಫ್ಟ್‌ವೇರಿನಲ್ಲಿ ಒಂದು ಹಾಡಿಗೆ ಎಂಟು ಗುರುತು, ಎಂಟು ಗುಂಡಿ. ಸೆರಾಟೊದಂಥ ಕೆಲವು ಸಾಫ್ಟ್‌ವೇರುಗಳು ಈ ಗುರುತುಗಳನ್ನು ಹಾಡಿನ ಫೈಲಿಗೆ ಅಂಟಿದ ಟ್ಯಾಗಿನೊಳಗೇ ಬರೆದಿಡುತ್ತವೆ. ಹಾಡು ಎಲ್ಲಿ ಹೋದರೂ ಗುರುತು ಅದರ ಬೆನ್ನಿಗೇ ಹೋಗುತ್ತದೆ. ರೆಕಾರ್ಡ್‌ಬಾಕ್ಸ್‌ನಂಥವು ಬೇರೊಂದು ಡೇಟಾಬೇಸಿನಲ್ಲಿ ಬರೆದಿಡುತ್ತವೆ. ಹಾಡು ಒಂದು ಮೂಲೆಯಲ್ಲಿ, ಅದರ ಲೆಕ್ಕದ ಪುಸ್ತಕ ಇನ್ನೊಂದು ಮೂಲೆಯಲ್ಲಿ. ನನ್ನದು ಈ ಎರಡನೆಯ ಜಾತಿಯದು. ಆ ಪುಸ್ತಕವನ್ನೂ ತಂದು, ಹಾಡುಗಳನ್ನು ಮೊದಲಿದ್ದ ದಾರಿಯಲ್ಲೇ ಇಟ್ಟಿದ್ದರೆ ಎಲ್ಲ ಹಾಗೆಯೇ ಬರುತ್ತಿತ್ತು. ನಾನು ಹಾಡು ತಂದೆ, ಪುಸ್ತಕ ಬಿಟ್ಟು ಬಂದೆ.

ಅಣ್ಣನಿಗೆ ಫೋನ್ ಮಾಡಿದೆ. ‘ಹಾಡ ಎಲ್ಲಾ ಅದಾವಿಲ್ಲೋ?’ ಎಂದ.

‘ಅದಾವ.’

‘ಮತ್ತೇನ ಹೋತು?’

ಉತ್ತರ ಹೇಳಲು ಆಗಲಿಲ್ಲ. ನಿಜವಾಗಿ ಏನು ಹೋಯಿತು? ಒಂದು ಹಾಡಿನ ಒಂದು ಸೆಕೆಂಡೂ ಕಡಿಮೆಯಾಗಿಲ್ಲ. ತಾಳದ ವೇಗ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬುದನ್ನು ಕಂಪ್ಯೂಟರ್ ರಾತ್ರಿಯೆಲ್ಲ ಕುಳಿತು ತಾನೇ ಮತ್ತೆ ಲೆಕ್ಕ ಹಾಕಿಕೊಂಡಿತು. ಹೋದದ್ದು ಹನ್ನೊಂದು ವರ್ಷ ನಾನು ಆ ಹಾಡುಗಳನ್ನು ಬಳಸಿದ ರೀತಿ. ಅದನ್ನು ಯಾವ ಯಂತ್ರವೂ ಲೆಕ್ಕ ಹಾಕಿ ಕೊಡುವುದಿಲ್ಲ. ಆ ರಾತ್ರಿ ನನ್ನ ದುಡಿಮೆಯೆಲ್ಲ ಹೊಳೆಗೆ ಹೋಯಿತು ಎಂದು ಕುಳಿತಿದ್ದೆ. ಆದರೆ ಅದೇ ಕಾರಣದಿಂದ ಒಂದು ವಾರದ ನಂತರ ಬೇರೊಂದು ಲೆಕ್ಕ ನನ್ನ ಮುಂದೆ ಬಂದು ಕುಳಿತಿತು. ಈ ಬರಹ ಅದರ ಬಗ್ಗೆ.

ಗುರುತುಗಳನ್ನು ಮತ್ತೆ ಹಾಕಬೇಕಾದರೆ ಹಾಡುಗಳನ್ನು ಮೊದಲಿನಿಂದ ಕೇಳಬೇಕು. ದಿನಾ ರಾತ್ರಿ ಊಟ ಮುಗಿಸಿ ಕೂರುತ್ತಿದ್ದೆ. ಮೊದಲ ದಿನ ಬೇಸರ, ಎರಡನೆಯ ದಿನವೂ ಬೇಸರ. ಮೂರನೆಯ ದಿನ ಒಂದು ವಿಚಿತ್ರ ಗಮನಕ್ಕೆ ಬಂತು. ನೂರಾರು ಸಲ ಹಚ್ಚಿದ ಹಾಡುಗಳನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ. ಮೆರವಣಿಗೆಯಲ್ಲಿ ಒಂದು ಹಾಡಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಪ್ರತಿ ಓಣಿಯ ಹುಡುಗರಿಗೂ ತಮ್ಮ ಹಾಡು ಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಬೇರೆ ತಲೆಯ ಮೇಲೆ ಇರುತ್ತದೆ. ಹಾಗಾಗಿ ಕುಣಿತದ ಪಲ್ಲದಿಂದ ಶುರು ಮಾಡಿ, ಎರಡು ನುಡಿ ಕೇಳಿಸಿ, ಮುಂದಿನದಕ್ಕೆ ಹಾರುವುದು ನಮ್ಮ ಪದ್ಧತಿ. ಹಾಡಿನ ತಲೆ, ಕಾಲು ಎರಡೂ ನಮಗೆ ಬೇಡ. ನಡುವಿನ ಸೊಂಟ ಸಾಕು.

ಪೂರ್ತಿ ಕೇಳಿದಾಗ ಕಾಲು ಕಂಡಿತು. ಹಾಡಿನ ಕೊನೆಯ ನುಡಿ.

ಲಾವಣಿ, ಗೀಗೀ ಪದ ಕೇಳಿದವರಿಗೆ ಇದು ಹೊಸದಲ್ಲ. ಪಲ್ಲ, ನುಡಿ, ಚಾಲು, ಏರು ಎಂದು ಸಾಗುವ ಹಾಡು ಕೊನೆಗೆ ಬಂದಾಗ ಕಟ್ಟಿದವನು ತನ್ನ ಊರನ್ನು ಹೇಳುತ್ತಾನೆ, ಊರಿನ ದೇವರನ್ನು ನೆನೆಯುತ್ತಾನೆ, ಗುರುವಿಗೆ ಕೈ ಮುಗಿಯುತ್ತಾನೆ, ಕಡೆಗೆ ತನ್ನ ಹೆಸರನ್ನು ಪ್ರಾಸಕ್ಕೆ ಕೂರಿಸಿ ಇಳಿಯುತ್ತಾನೆ. ಹರದೇಶಿ ನಾಗೇಶಿ ವಾದದಲ್ಲಿ ರಾತ್ರಿಯಿಡೀ ಜಗ್ಗಾಡಿದವರೂ ಕೊನೆಗೆ ಹೀಗೆಯೇ ಇಳಿಯುವುದು. ನಮ್ಮ ಟ್ರಾಲಿಯ ಹಾಡುಗಳನ್ನು ಬರೆದ ಹುಡುಗರು ಇದನ್ನು ಎಲ್ಲೂ ಓದಿ ಕಲಿತವರಲ್ಲ. ಆದರೂ ಕೀಬೋರ್ಡು, ಪ್ಯಾಡು ಇಟ್ಟುಕೊಂಡು ಮಾಡಿದ ಪ್ರೇಮಗೀತೆಯ ಕೊನೆಯಲ್ಲೂ ಅದೇ ಪದ್ಧತಿ: ಇಂಥ ಊರು, ಇಂಥ ದೇವರು, ಇಂಥವನ ಹಾಡು. ತರಗತಿಯಲ್ಲಿ ನಾನು ಅಂಕಿತದ ಬಗ್ಗೆ ಒಂದು ಗಂಟೆ ಪಾಠ ಮಾಡುತ್ತೇನೆ. ಟ್ರಾಲಿಯ ಮೇಲೆ ಹನ್ನೊಂದು ವರ್ಷ ಅಂಕಿತ ಬರುವ ಮೊದಲೇ ಹಾಡು ಬದಲಿಸಿದ್ದೇನೆ.

ಕತ್ತರಿಸಿದ್ದು ಅಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಫೈಲುಗಳನ್ನು ನೋಡುತ್ತ ಹೋದಂತೆ ಇನ್ನೊಂದು ಕಂಡಿತು. ಎಂಪಿ3 ಫೈಲಿನೊಳಗೆ ಹಾಡಿದವರ ಹೆಸರು, ಬರೆದವರ ಹೆಸರು, ವರ್ಷ ಇವನ್ನೆಲ್ಲ ಬರೆಯುವ ಜಾಗಗಳಿವೆ. ನನ್ನ ಸಾವಿರಾರು ಹಾಡುಗಳಲ್ಲಿ ಆ ಜಾಗದಲ್ಲಿ ನಮ್ಮ ಸೌಂಡ್ ಸೆಟ್ಟಿನ ಹೆಸರಿತ್ತು. ಬರೆದವನು ನಾನೇ. ರಿಮಿಕ್ಸ್ ಮಾಡಿದ ಮುನ್ನೂರು ನಾನೂರು ಹಾಡುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಹಾಡಿನ ನಡುನಡುವೆ ಪ್ರತಿಧ್ವನಿ ಕೊಟ್ಟ ಗಡಸು ದನಿಯಲ್ಲಿ ನಮ್ಮ ಹೆಸರು ಕೂಗಿಸಿದ್ದೆ. ಇದನ್ನು ನಾವು ಮುದ್ರೆ ಹೊಡೆಯುವುದು ಎನ್ನುತ್ತೇವೆ. ಬೇರೆ ಡಿಜೆಯವರು ನಮ್ಮ ಮಿಕ್ಸನ್ನು ಮೊಬೈಲಿನಲ್ಲಿ ಹಿಡಿದು ತಮ್ಮದೆಂದು ಹಚ್ಚಬಾರದಲ್ಲ, ಅದಕ್ಕೆ. ನಮ್ಮ ಕೆಲಸ ಕಳುವಾಗಬಾರದು ಎಂಬ ಕಾಳಜಿ ನನಗೆ ಚೆನ್ನಾಗಿತ್ತು. ಆ ಮುದ್ರೆ ಯಾರ ದನಿಯ ಮೇಲೆ ಬೀಳುತ್ತಿದೆ ಎಂದು ನೋಡಿರಲಿಲ್ಲ.

ಮನಸ್ಸು ಸುಮ್ಮನೆ ತಪ್ಪು ಒಪ್ಪಿಕೊಳ್ಳುವುದಿಲ್ಲ. ನನ್ನದೂ ಒಂದೊಂದಾಗಿ ವಕೀಲರನ್ನು ಕರೆತಂದಿತು.

ಮೊದಲು ಬಂದದ್ದು ಕಾನೂನು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ, ಧಾರ್ಮಿಕ ಸಮಾರಂಭದಲ್ಲಿ ಹಾಡು ಹಚ್ಚಿದರೆ ಅದು ಉಲ್ಲಂಘನೆಯಲ್ಲ ಎಂದಿದೆ. ಮದುವೆಯ ಮೆರವಣಿಗೆಯೂ ಅದರಲ್ಲಿ ಸೇರುತ್ತದೆ ಎಂದು ವಿವರಣೆಯಲ್ಲೇ ಬಿಡಿಸಿ ಹೇಳಿದೆ. ಅಂದರೆ ಲಗ್ನದ ಟ್ರಾಲಿಗೆ ದಾರಿ ಬಿಟ್ಟಿದೆ. ನಿಟ್ಟುಸಿರು ಬಿಟ್ಟೆ. ಆದರೆ ಅದೇ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ಹಾಡಿದವರಿಗೆ ತಾವೇ ಹಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಸೇರಿಸಿದ್ದಾರೆ. ಬಳಸುವ ರೀತಿಯಿಂದಾಗಿ ಹೆಸರು ಬಿಡಲೇಬೇಕಾದ ಸಂದರ್ಭಕ್ಕೆ ಅಲ್ಲಿಯೂ ವಿನಾಯಿತಿ ಇದೆ. ಎರಡು ನಿಮಿಷದ ಮೆರವಣಿಗೆಯ ಹಾಡಿಗೆ ಆ ವಿನಾಯಿತಿ ಸಲ್ಲಬಹುದೇನೋ. ಆದರೆ ಹೆಸರು ಬಿಟ್ಟುಹೋಗುವುದಕ್ಕೂ, ಆ ಜಾಗದಲ್ಲಿ ಕುಳಿತು ನನ್ನ ಹೆಸರು ಟೈಪ್ ಮಾಡುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿತ್ತು. ಅದನ್ನು ಯಾವ ಮೆರವಣಿಗೆಯೂ ನನ್ನಿಂದ ಬೇಡಿರಲಿಲ್ಲ.

ಎರಡನೆಯ ವಕೀಲ ಗ್ರಂಥಾಲಯದಿಂದ ಬಂದ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. ನಾನೂ ಹಾಡನ್ನು ಬೀರುವಿನಲ್ಲಿಟ್ಟು ಪೂಜಿಸಲಿಲ್ಲ, ಬಳಸಿದೆ. ಸಾವಿರಾರು ಜನರನ್ನು ಕುಣಿಸಿದೆ. ಈ ವಾದ ಕಾಲು ಗಂಟೆ ಚೆನ್ನಾಗಿ ನಿಂತಿತು. ಆಮೇಲೆ ನಮ್ಮ ಕಾಲೇಜಿನ ಗ್ರಂಥಾಲಯ ನೆನಪಾಯಿತು. ಅಲ್ಲಿ ಪುಸ್ತಕದ ಮೇಲೆ ಕಾಲೇಜಿನ ಮುದ್ರೆಯೂ ಇರುತ್ತದೆ, ನಿಜ. ಆದರೆ ಆ ಮುದ್ರೆಯನ್ನು ಲೇಖಕರ ಹೆಸರಿನ ಮೇಲೆ ಹೊಡೆಯುವುದಿಲ್ಲ.

ಮೂರನೆಯವನು ಎಲ್ಲರಿಗಿಂತ ಚತುರ. ‘ಜಾನಪದಕ್ಕೆ ಕರ್ತೃ ಎಲ್ಲಿದ್ದಾನೆ? ನೀನೇ ಪಾಠ ಮಾಡುತ್ತೀಯಲ್ಲ’ ಎಂದ. ಹೌದು, ಮಾಡುತ್ತೇನೆ. ಅದೇ 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಆ ತ್ರಿಪದಿಗಳನ್ನು ಮೊದಲು ಕಟ್ಟಿದ ಹೆಣ್ಣುಮಕ್ಕಳು ಯಾರೆಂದು ನಮಗೆ ತಿಳಿಯದು. ಬೀಸುವ ಕಲ್ಲಿನ ಮುಂದೆ ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ಎತ್ತಿಕೊಂಡಳು, ತನ್ನ ತವರಿನ ಹೆಸರು ಸೇರಿಸಿದಳು, ಮಗಳಿಗೆ ಕೊಟ್ಟಳು. ಗೋಕಾಕ ಸೀಮೆಯವರೇ ಆದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಗಳ ಹಾಡು ಕೂಡಿಸುವುದಕ್ಕೆ ಶ್ರಮಪಟ್ಟವರು. ಅವರಿಗೂ ಸಿಕ್ಕದ್ದು ಹಾಡು, ಒಡೆಯರಲ್ಲ. ಎಲ್ಲರ ಹಾಡು ಎಂದ ಮೇಲೆ ನನ್ನ ಟ್ರಾಲಿಯೂ ಆ ಬಾಯಿಂದ ಬಾಯಿಗೆ ಬಂದ ದಾರಿಯ ಒಂದು ತಿರುವು ಅಷ್ಟೇ ಅಲ್ಲವೇ?

ಈ ವಾದದ ಜೊತೆ ಎರಡು ರಾತ್ರಿ ಕಳೆದೆ. ಕೊನೆಗೆ ಅದರ ಹುಳುಕು ಸಿಕ್ಕಿದ್ದು ಆ ಕೊನೆಯ ನುಡಿಗಳಲ್ಲೇ. ಬೀಸುವ ಕಲ್ಲಿನ ಮುಂದೆ ಕುಳಿತ ಗರತಿ ಹೆಸರು ಹೇಳಲಿಲ್ಲ. ಹೆಚ್ಚಿನ ವಚನಕಾರರು ಅಂಕಿತದ ಜಾಗದಲ್ಲಿ ತಮ್ಮ ಹೆಸರಿಡದೆ ಇಷ್ಟದೈವದ ಹೆಸರಿಟ್ಟರು. ಇವು ಹೆಸರನ್ನು ಬಿಟ್ಟುಕೊಡುವ ಎರಡು ಬಗೆಗಳು. ಬಿಟ್ಟುಕೊಟ್ಟವರು ಅವರೇ. ಆದರೆ ಲಾವಣಿಕಾರ ತನ್ನ ಹೆಸರನ್ನು ಬಿಟ್ಟುಕೊಟ್ಟವನಲ್ಲ. ಮರೆತಾರು ಎಂದು ಪ್ರಾಸದಲ್ಲಿ ಬಿಗಿದು ಇಟ್ಟು ಹೋದವನು. ಶ್ರೀಕೃಷ್ಣ ಪಾರಿಜಾತದ ಜೊತೆ ಕುಲಗೋಡ ತಮ್ಮಣ್ಣನ ಹೆಸರು, ಕೌಜಲಗಿ ನಿಂಗಮ್ಮನ ಹೆಸರು ನಮ್ಮ ಸೀಮೆಯಲ್ಲಿ ಇಂದಿಗೂ ಉಳಿದಿದೆ. ಆಟ ಎಲ್ಲರದು, ಆದರೂ ಜನ ಹೆಸರನ್ನು ಹೊತ್ತು ತಂದರು. ಅಜ್ಞಾತ ಎಂಬ ಪದವನ್ನು ನಾವು ಮೇಷ್ಟ್ರುಗಳು ಬಹಳ ಸಲೀಸಾಗಿ ಬಳಸುತ್ತೇವೆ. ಹೆಸರು ಬಿಡುವುದು ಬೇರೆ, ಬಿಡಿಸಿಕೊಳ್ಳುವುದು ಬೇರೆ. ಮೊದಲನೆಯದು ಕೊಡುಗೆ. ಎರಡನೆಯದಕ್ಕೆ ನಮ್ಮ ಹಳ್ಳಿಯಲ್ಲಿ ಬೇರೆ ಪದವಿದೆ.

ಇಷ್ಟೆಲ್ಲ ತಲೆಯೊಳಗಿನ ವಾದ. ಅದು ತಲೆಯಿಂದ ಕೆಳಗೆ ಇಳಿದದ್ದು ಒಂದು ಹಾಡಿನಿಂದ. ನಾನು ಬಹಳ ಬಳಸಿದ ಹಾಡು. ಅದನ್ನು ಹಚ್ಚಿದರೆ ಮುದುಕರೂ ಟೊಪ್ಪಿಗೆ ಸರಿಮಾಡಿಕೊಂಡು ಎರಡು ಹೆಜ್ಜೆ ಹಾಕುತ್ತಾರೆ. ಅದರ ಕೊನೆಯ ನುಡಿ ಬಂದಾಗ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವ್ವ ಎದ್ದು ಬಂದಳು. ‘ಆ ಊರ ನನಗ ಗೊತ್ತೈತಿ. ನಿಮ್ಮ ದೊಡ್ಡವ್ವನ ಮಗಳನ್ನ ಕೊಟ್ಟೇವಲ್ಲ, ಅದರ ಆಚಿಗಿಂದು’ ಎಂದಳು. ಹುಕ್ಕೇರಿ ತಾಲೂಕಿನ ಊರು. ಎರಡು ಫೋನ್ ಮಾಡಿದರೆ ಮನುಷ್ಯನೇ ಸಿಕ್ಕ. ಹನ್ನೊಂದು ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿದ್ದ ದನಿ ಗೋಕಾಕದಿಂದ ಒಂದು ಬಸ್ಸಿನ ದೂರದಲ್ಲಿ ಜೀವಂತವಾಗಿತ್ತು.

ಒಂದು ಭಾನುವಾರ ಹೋದೆ. ಐವತ್ತು ದಾಟಿದ ಮನುಷ್ಯ. ಕಬ್ಬಿಗೆ ನೀರು ಬಿಟ್ಟು ಆಗಷ್ಟೇ ಬಂದಿದ್ದ. ಕಾಕಾ ಎಂದೆ, ನಾನು ಮಾಸ್ತರ ಎಂದು ಗೊತ್ತಾದ ಮೇಲೆ ಆತ ನನಗೆ ‘ರಿ’ ಹಚ್ಚತೊಡಗಿದ. ಬೇಡವೆಂದರೂ ಕೇಳಲಿಲ್ಲ. ಚಹಾ ಬಂತು. ಹಾಡಿದ್ದು ಕ್ಯಾಸೆಟ್ಟಿನ ಕಾಲದಲ್ಲಂತೆ. ಒಂದು ಸಲ ದುಡ್ಡು ಕೊಟ್ಟಿದ್ದರು, ಆಗಿನ ಮಾತಿಗೆ ಅದು ಸರಿಯಾಗಿಯೇ ಇತ್ತು ಎಂದ. ಆತನ ಹತ್ತಿರ ಉಳಿದಿದ್ದ ಒಂದೇ ಕ್ಯಾಸೆಟ್ಟಿನ ಪಟ್ಟಿಗೆ ಬೂಸಲು ಹಿಡಿದು ಎಸೆದು ಎಷ್ಟೋ ವರ್ಷವಾಗಿದೆ. ಮನೆಯಲ್ಲಿ ಆತನ ಹಾಡು ಇರಲಿಲ್ಲ. ನನ್ನ ಹತ್ತಿರ ಇತ್ತು.

ಆಮೇಲೆ ಆತ ಹೇಳಿದ್ದನ್ನು ಆತನ ಮಾತಿನಲ್ಲೇ ಬರೆಯುತ್ತೇನೆ.

‘ಮೂರ ವರ್ಷದ ಹಿಂದ ತಂಗಿ ಮಗಳ ಲಗ್ನದಾಗ ಡಿಜೆ ಬಂದಿತ್ರಿ. ಈ ಹಾಡ ಹಚ್ಚಿದ್ರು. ನನಗ ಖುಷಿ ಆತು. ಹುಡುಗ್ರಿಗೆ ಅಂದೆ, ಇದು ನಾ ಹಾಡಿದ್ದಪಾ ಅಂತ. ಅಷ್ಟರಾಗ ನಡುವ ಒಂದು ದನಿ ಬಂತು, ಮೂಡಲಗಿ ಡಿಜೆ ಅಂತೇನೋ ಒದರಿತು. ಹುಡುಗ್ರು ನಕ್ಕರು. ಮಾಮಾ, ಇದು ಮೂಡಲಗ್ಯಾವ್ರದು, ಕುಡದ ಬಂದಿ ಏನು ಅಂದ್ರು. ನಾ ಸುಮ್ಮನಾದೆ. ಮುಂದ ನನ್ನ ಹೆಸರ ಬರತೈತಿ, ತಡೀರಿ ಅಂತ ಅನ್ನಾಂವ ಇದ್ದೆ. ಬರಲಿಲ್ಲ. ಹಾಡ ಬದಲಾತು.’

ಅಲ್ಲಿ ಬಂದ ಟ್ರಾಲಿ ನಮ್ಮದಲ್ಲ. ಆದರೆ ಆ ಮುದ್ರೆ ನನ್ನದು. ನನ್ನ ಫೈಲು ಕೈಯಿಂದ ಕೈಗೆ ಹೋಗಿ ಹುಕ್ಕೇರಿ ಮುಟ್ಟಿತ್ತು. ಹಾಡಿನ ನಡುವೆ ನಾನು ಕೂಗಿಸಿದ ಎರಡು ಪದಗಳು ಒಬ್ಬ ಮನುಷ್ಯನನ್ನು ಅವನದೇ ಊರಿನಲ್ಲಿ, ಅವನದೇ ತಂಗಿಯ ಅಂಗಳದಲ್ಲಿ ಸುಳ್ಳುಗಾರನನ್ನಾಗಿ ಮಾಡಿದ್ದವು. ನಾನೇ ಮಾಡಿದ್ದು ಎಂದು ಹೇಳಿದೆ. ಆತ ಸ್ವಲ್ಪ ಹೊತ್ತು ಚಹಾದ ಕಪ್ಪು ನೋಡಿದ. ‘ನಿಮಗೇನ ಗೊತ್ತರಿ’ ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

ನನ್ನ ಮೂರನೆಯ ವಕೀಲನ ಮಾತನ್ನು ಆತನ ಮುಂದೆ ಇಟ್ಟೆ. ಜಾನಪದ ಎಲ್ಲರದು ಅಂತಾರಲ್ಲ ಕಾಕಾ ಎಂದೆ. ಆತ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಕರೆಂಟಿನ ಮೀಟರ್ ಇತ್ತು. ಹುಕ್ಕೇರಿಯಲ್ಲಿ ವಿದ್ಯುತ್ ಹಂಚುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಬಳಸುವವರೇ ಸದಸ್ಯರಾಗಿರುವಂಥದ್ದು. ‘ಈ ಕರೆಂಟನೂ ಎಲ್ಲಾರದ ಐತ್ರಿ. ಹಂಗಂತ ಮನಿಮನಿಗೆ ಮೀಟರ ಇಲ್ಲೇನ? ಪುಸ್ತಕದಾಗ ಹೆಸರ ಇಲ್ಲೇನ? ಎಲ್ಲಾರದು ಅಂದ್ರ ಯಾರದೂ ಅಲ್ಲ ಅಂತಲ್ಲರಿ ಮಾಸ್ತರ.’ ನಾನು ಎರಡು ರಾತ್ರಿ ತಡಕಾಡಿದ್ದನ್ನು ಆತ ಕುಳಿತಲ್ಲಿಂದ ಬೆರಳು ತೋರಿಸಿ ಹೇಳಿದ್ದ.

ಏನು ಮಾಡಲಿ ಎಂದು ಕೇಳಿದೆ. ದುಡ್ಡಿನ ಮಾತು ಆತ ಎತ್ತಲಿಲ್ಲ, ನಾನು ಎತ್ತಿದ್ದಕ್ಕೆ ಕೈ ಅಡ್ಡ ಮಾಡಿದ. ನಿಮ್ಮ ಬಗ್ಗೆ ಬರೆಯುತ್ತೇನೆ, ಹೆಸರು ಹಾಕುತ್ತೇನೆ ಎಂದೆ. ಅದೂ ಬೇಡ ಎಂದ. ‘ಹಾಡಿನ್ಯಾಗ ಐತಲ್ಲರಿ ಹೆಸರ. ಪೂರ್ತಿ ಹಚ್ಚರಿ, ಸಾಕು. ಅಲ್ಲೇ ಕೇಳ್ಲಿ.’ ಅದಕ್ಕೇ ಈ ಬರಹದಲ್ಲಿ ಆತನ ಹೆಸರಿಲ್ಲ. ಹೆಸರು ಎಲ್ಲಿ ಬರಬೇಕು ಎಂಬುದನ್ನು ನಿರ್ಧರಿಸುವ ಹಕ್ಕೂ ಹೆಸರಿನ ಜೊತೆಗೇ ಇರುತ್ತದೆ. ಆತನ ಮಗನ ಮೊಬೈಲಿಗೆ ಮುದ್ರೆಯಿಲ್ಲದ ಮೂಲ ಹಾಡನ್ನು ಹಾಕಿಕೊಟ್ಟು ಬಂದೆ.

ಪೂರ್ತಿ ಹಚ್ಚುವುದು ಹೇಳಿದಷ್ಟು ಸುಲಭವಲ್ಲ. ಸೀಸನ್ನಿನ ಮೊದಲ ಲಗ್ನದಲ್ಲಿ ಹಚ್ಚಿದೆ. ನಾಲ್ಕನೆಯ ನಿಮಿಷಕ್ಕೆ ಹುಡುಗರು ‘ಏ ಬದಲಿ ಮಾಡೋ’ ಎಂದು ಕೂಗತೊಡಗಿದರು. ಒಬ್ಬ ಟ್ರಾಲಿ ಹತ್ತಿ ಬಂದ. ಅಣ್ಣ ಕೆಳಗಿನಿಂದ ಕಣ್ಣು ಬಿಟ್ಟ. ಅವರದೂ ತಪ್ಪಲ್ಲ. ದುಡ್ಡು ಕೊಟ್ಟು ಕರೆಸಿದವರಿಗೆ, ವರ್ಷವಿಡೀ ದುಡಿದು ಒಂದು ಸಂಜೆ ಕುಣಿಯಲು ಬಂದವರಿಗೆ, ನನ್ನ ಪಶ್ಚಾತ್ತಾಪದ ಬಿಲ್ಲು ಯಾಕೆ ಕೊಡಬೇಕು? ಸಾಲ ನನ್ನದು. ಅವರ ಖುಷಿಯಿಂದ ತೀರಿಸುವುದು ಸರಿಯಲ್ಲ. ಹಾಗೆಂದು ತೀರಿಸದೆ ಇರುವುದೂ ಸರಿಯಲ್ಲ.

ಕೊನೆಗೆ ಒಂದು ನಡುದಾರಿ ಮಾಡಿಕೊಂಡಿದ್ದೇನೆ. ಈಗ ಹೊಸದಾಗಿ ಗುರುತು ಹಾಕುವಾಗ ಏಳು ಕುಣಿತಕ್ಕೆ, ಎಂಟನೆಯದು ಕೊನೆಯ ನುಡಿಗೆ. ಎಂಟನೆಯ ಗುಂಡಿ ಒತ್ತಿದರೆ ಹಾಡು ನೇರ ಅಂಕಿತಕ್ಕೆ ಹಾರುತ್ತದೆ, ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಟ್ರಾಲಿ ಓಣಿಯ ತಿರುವಿನಲ್ಲಿ ನಿಂತಾಗ, ತಂತಿ ಎತ್ತಿ ಹಿಡಿಯಲು ಯಾರೋ ಕೋಲು ಹುಡುಕುತ್ತಿರುವಾಗ, ಮದುಮಗನಿಗೆ ಆರತಿ ಎತ್ತುವಾಗ ಕುಣಿತ ತಾನಾಗಿ ನಿಲ್ಲುತ್ತದೆ. ಆಗ ಒತ್ತುತ್ತೇನೆ. ಕೇಳಿದವರು ಕೇಳುತ್ತಾರೆ.

ಮನೆಯಲ್ಲಿ ಕುಳಿತು ಮಾಡುವ ಕೆಲಸವೂ ಇದೆ. ಟ್ಯಾಗುಗಳಲ್ಲಿ ನಮ್ಮ ಸೌಂಡ್ ಸೆಟ್ಟಿನ ಹೆಸರು ಅಳಿಸಿ, ಕೊನೆಯ ನುಡಿ ಕೇಳಿ, ಬರೆದವರ, ಹಾಡಿದವರ, ಊರಿನ ಹೆಸರು ತುಂಬುತ್ತಿದ್ದೇನೆ. ಎಲ್ಲವೂ ಸಿಗುವುದಿಲ್ಲ. ಎಷ್ಟೋ ಫೈಲುಗಳಲ್ಲಿ ಕೊನೆಯ ನುಡಿಯನ್ನು ನನಗಿಂತ ಮೊದಲೇ ಯಾರೋ ಕತ್ತರಿಸಿದ್ದಾರೆ. ಇನ್ನು ಕೆಲವಕ್ಕೆ ನಾನು ಮುದ್ರೆ ಹೊಡೆದು, ಮೂಲವನ್ನು ಜಾಗ ಸಾಲದೆಂದು ಅಳಿಸಿಬಿಟ್ಟಿದ್ದೇನೆ. ಹಾಡಿನೊಳಗೆ ಬೆರೆತ ಆ ಕೂಗನ್ನು ಈಗ ಹೊರತೆಗೆಯಲು ನನಗೆ ಬರುವುದಿಲ್ಲ. ಅಂಥವುಗಳ ಮುಂದೆ ‘ಗೊತ್ತಿಲ್ಲ’ ಎಂದು ಬರೆಯುತ್ತೇನೆ. ಮೊದಲು ಆ ಜಾಗದಲ್ಲಿ ನನ್ನ ಹೆಸರಿತ್ತು. ಅದಕ್ಕಿಂತ ‘ಗೊತ್ತಿಲ್ಲ’ ಎಂಬುದು ನಿಜ, ಮುಂದೆ ಯಾರಾದರೂ ಬಂದು ತುಂಬಲು ಜಾಗವನ್ನೂ ಬಿಡುತ್ತದೆ.

ಇದು ಡಿಜೆಯವರ ಕಷ್ಟ, ನಮಗೇನು ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಅವನ ಮೊಬೈಲ್ ತೆಗೆಸಿದೆ. ಆ ಬೆಳಿಗ್ಗೆ ಅವನು ಸ್ಟೇಟಸ್ಸಿಗೆ ಹಾಕಿದ್ದ ನಾಲ್ಕು ಸಾಲಿನ ಕವಿತೆಯ ಕೆಳಗೆ ಕವಿಯ ಹೆಸರಿರಲಿಲ್ಲ. ಯಾರದು ಎಂದರೆ ಗ್ರೂಪಿನಲ್ಲಿ ಬಂದಿತ್ತು ಎಂದ. ಇಬ್ಬರೂ ನಕ್ಕೆವು. ನಾವೆಲ್ಲ ಈಗ ಒಂದೊಂದು ಭಂಡಾರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ. ಫೋನು ಬದಲಿಸುವಾಗ ಎಲ್ಲ ಬಂತೇ ಎಂದು ಎಣಿಸುತ್ತೇವೆ. ಎಣಿಕೆ ಸರಿಯಾಗಿದ್ದರೆ ಎಲ್ಲ ಬಂದಿದೆ ಎಂದುಕೊಳ್ಳುತ್ತೇವೆ.

ನಮ್ಮಲ್ಲಿ ಹೊಸ ಮನೆ ಹೊಕ್ಕುವಾಗ ಸಾಮಾನು ಆಮೇಲೆ ಒಯ್ಯುತ್ತಾರೆ, ಮೊದಲು ದೇವರ ಜಗಲಿಯದನ್ನು ಒಯ್ದು, ಹಾಲು ಉಕ್ಕಿಸಿ, ಹಿರಿಯರನ್ನು ನೆನೆಯುತ್ತಾರೆ. ನಾನು ಹೊಸ ಕಂಪ್ಯೂಟರಿಗೆ ಹೋಗುವಾಗ 61 ಜಿಬಿ ಸಾಮಾನನ್ನು ಒಮ್ಮೆಲೇ ಹೊತ್ತೊಯ್ದೆ. ಹಿರಿಯರನ್ನು ನೆನೆಯುವ ಕೆಲಸ ಈಗ, ಒಂದೊಂದಾಗಿ ನಡೆಯುತ್ತಿದೆ. ಇವತ್ತಿಗೆ 640 ಹಾಡುಗಳಾಗಿವೆ. ಅವುಗಳಲ್ಲಿ 212ರ ಮುಂದೆ ‘ಗೊತ್ತಿಲ್ಲ’ ಎಂದಿದೆ. ಎಂಟನೆಯ ಗುಂಡಿಯನ್ನು ಈ ಸೀಸನ್ನಿನಲ್ಲಿ ಒತ್ತಿದ್ದು ಮೂವತ್ತೊಂದು ಸಲ. ಹೋದ ವಾರ ಹುಕ್ಕೇರಿ ಕಡೆಯ ಒಂದು ಲಗ್ನಕ್ಕೆ ಹೋಗಿದ್ದೆವು. ಟ್ರಾಲಿ ತಿರುವಿನಲ್ಲಿ ನಿಂತಾಗ ಕಾಕಾನ ಹಾಡಿನ ಎಂಟನೆಯ ಗುಂಡಿ ಒತ್ತಿದೆ. ಕುಣಿದು ದಣಿದು ನೀರು ಕುಡಿಯುತ್ತಿದ್ದ ಹುಡುಗನೊಬ್ಬ ಬಾಟಲಿ ಕೆಳಗಿಳಿಸಿ, ‘ಏ, ಇವ ನಮ್ಮ ಕಡ್ಯಾಂವ ಐತ್ಯಲ್ಲೋ’ ಎಂದು ಪಕ್ಕದವನಿಗೆ ಹೇಳಿದ. ಅಷ್ಟರಲ್ಲಿ ತಂತಿ ಎತ್ತಿದರು, ಟ್ರ್ಯಾಕ್ಟರ್ ಹೊರಟಿತು. ನಾನು ಮತ್ತೆ ಪಲ್ಲಕ್ಕೆ ಹಾರಿದೆ.